ಆನೆಯಿಲ್ಲದ ಮೃಗಾಲಯದಲ್ಲಿ ಆನೆಯ ಪಾಠ

ಖಾನಾಪುರ ತಾಲೂಕಿನ ನಮ್ಮ ಶಾಲೆಯ ಮಕ್ಕಳನ್ನು ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚೆನ್ನಮ್ಮ ಮೃಗಾಲಯಕ್ಕೆ ಕರೆದೊಯ್ದಾಗಲೆಲ್ಲ ಮೊದಲು ಕೇಳುವುದು ಒಂದೇ: "ಟೀಚರ್, ಆನಿ ಎಲ್ಲೈತ್ರಿ?" ಅಲ್ಲಿ ಹುಲಿಯಿದೆ, ಸಿಂಹವಿದೆ, ಆನೆಯಿಲ್ಲ. ಇರದಿರುವುದೇ ಸರಿ ಎಂದು ನಾನು ನಂಬಿದ್ದೇನೆ. ದಿನಕ್ಕೆ ಸುಮಾರು 150 ಕಿಲೋ ಮೇವು ತಿನ್ನುತ್ತ, ಬಳಗದ ಜೊತೆ ಮೈಲುಗಟ್ಟಲೆ ನಡೆಯುವ ಪ್ರಾಣಿ ಅದು. ಮೃಗಾಲಯದ ಆನೆಗಳನ್ನು ಶಿಬಿರ, ಪುನರ್ವಸತಿ ಕೇಂದ್ರಗಳಿಗೆ ಸಾಗಿಸಬೇಕೆಂದು ಕೇಂದ್ರ ಮೃಗಾಲಯ ಪ್ರಾಧಿಕಾರ 2009ರಲ್ಲೇ ಹೇಳಿದೆ.

ಆದರೂ ಆನೆಯ ಪಾಠಕ್ಕೆ ನಾನು ಆರಿಸಿಕೊಳ್ಳುವುದು ಅದೇ ಜಾಗವನ್ನು. ಹುಲಿ ನೋಡಿ ಬಂದ ಮಕ್ಕಳ ಮನಸ್ಸು ಪೂರ್ತಿ ತೆರೆದಿರುತ್ತದೆ. ತರಗತಿಯಲ್ಲಿ ಹಾಗೆ ಕೇಳಿಸಿಕೊಳ್ಳುವುದಿಲ್ಲ.

ನನ್ನ ಸಾಮಗ್ರಿ ಒಂದು ಹಗ್ಗ, ಒಂದು ಸೀಮೆಸುಣ್ಣ. ಕಾಡಂಚಿನ ಗದ್ದೆಯಲ್ಲಿ ಮೂಡಿದ ಮುಂಗಾಲಿನ ಹೆಜ್ಜೆಗೆ ಹಗ್ಗ ಸುತ್ತಿ ಗಂಟು ಹಾಕಿಟ್ಟುಕೊಂಡಿದ್ದೇನೆ. ಹೆಜ್ಜೆಯ ಸುತ್ತಳತೆಯ ಎರಡರಷ್ಟು ಹೆಚ್ಚುಕಡಿಮೆ ಆನೆಯ ಭುಜದ ಎತ್ತರ. ನಾಲ್ಕೂವರೆ ಅಡಿಯ ಹಗ್ಗವಾದರೆ ಒಂಬತ್ತು ಅಡಿ. ಮಕ್ಕಳೇ ಒಬ್ಬರ ಹೆಗಲೇರಿ ಒಬ್ಬರು ಮರಕ್ಕೆ ಗೆರೆ ಎಳೆಯುತ್ತಾರೆ. ಆಮೇಲೆ ಕೇಳುತ್ತೇನೆ: ಸೊಂಡಿಲು ಎತ್ತಿದರೆ ಎಲ್ಲಿಗೆ ಮುಟ್ಟೀತು? ನಿಮ್ಮ ಹೊಲದ ಮೇಲೆ ಜೋತುಬಿದ್ದ ಕರೆಂಟಿನ ತಂತಿ ಎಷ್ಟು ಮೇಲಿದೆ? ಅಲ್ಲಿಂದ ಗದ್ದಲ ಶುರು. ಒಬ್ಬ ತಮ್ಮ ಕಬ್ಬಿನ ಗದ್ದೆಯ ತಂತಿ ಹೇಳುತ್ತಾನೆ, ಇನ್ನೊಬ್ಬಳು ಅಜ್ಜನ ಹೊಲದ್ದು.

ಬೇಲಿಯ ಮಾತು ಇನ್ನೂ ಮುಖ್ಯ. ಸೋಲಾರ್ ಬೇಲಿ ಕ್ಷಣಮಾತ್ರ ಝಟಕೆ ಕೊಟ್ಟು ಬಿಡುತ್ತದೆ. ಆನೆ ಬೆದರಿ ಹಿಂದೆ ಸರಿಯುತ್ತದೆ. ಹಂದಿ ಬಾರದಿರಲೆಂದು ಬೇಲಿಗೆ ನೇರವಾಗಿ ಕೊಟ್ಟ ಕರೆಂಟು ಸ್ನಾಯುಗಳನ್ನು ಬಿಗಿಹಿಡಿದು ಕೊಲ್ಲುತ್ತದೆ, ಆನೆಯನ್ನೂ, ರಾತ್ರಿ ನೀರು ಹಾಯಿಸಲು ಹೋದ ಮನುಷ್ಯನನ್ನೂ. ಅದು ಅಪರಾಧ ಕೂಡ. ತಾಯಾನೆ ಸುಮಾರು 22 ತಿಂಗಳು ಗರ್ಭ ಹೊರುತ್ತದೆ, ಮರಿಯಿಂದ ಮರಿಗೆ ನಾಲ್ಕೈದು ವರ್ಷದ ಅಂತರ. ದಾಂಡೇಲಿ ಕಡೆಯಿಂದ ಬರುವ ಸಣ್ಣ ಹಿಂಡಿನಲ್ಲಿ ಒಂದು ಹೆಣ್ಣು ಸತ್ತರೆ ಆ ನಷ್ಟ ಬೇಗ ತುಂಬುವಂಥದ್ದಲ್ಲ.

ರೈತರನ್ನು ದೂರುವುದು ನನಗೆ ಬೇಕಿಲ್ಲ. ನಮ್ಮ ಮಕ್ಕಳೆಲ್ಲ ರೈತರ ಮಕ್ಕಳೇ. ಒಂದೇ ರಾತ್ರಿ ಭತ್ತ ನೆಲಸಮವಾದಾಗ ಮನೆಯಲ್ಲಿ ಏನಾಗುತ್ತದೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಾಗಿ ಬೆಳೆಹಾನಿಯ ಫೋಟೊ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಬರೆಯುವುದನ್ನೂ ಅಲ್ಲೇ ಕಲಿಸುತ್ತೇನೆ.

ಊರಿಗೆ ಮರಳಿದ ಮೇಲೆ ಪ್ರತಿ ಮಗುವೂ ತನ್ನ ಓಣಿಯ, ಹೊಲದ ಜೋತ ತಂತಿಗಳನ್ನು ಪಟ್ಟಿ ಮಾಡುತ್ತದೆ. ತಂತಿ ಮುಟ್ಟಬಾರದು, ದೂರದಿಂದಲೇ ನೋಡಬೇಕು. ಹತ್ತಿರದ ಟಿಸಿಯ (ಟ್ರಾನ್ಸ್‌ಫಾರ್ಮರ್) ಸಂಖ್ಯೆ, ಹೊಲದ ಗುರುತು ಇದ್ದರೆ ಸಾಕು. ನಮ್ಮ ಕಡೆ ವಿದ್ಯುತ್ ಪೂರೈಸುವ ಹೆಸ್ಕಾಂನ ಸಹಾಯವಾಣಿ 1912ಕ್ಕೆ ಪಾಲಕರಿಂದಲೇ ಕರೆ ಮಾಡಿಸಿ, ದೂರಿನ ಸಂಖ್ಯೆಯನ್ನು ಶಾಲೆಯ ವಹಿಯಲ್ಲಿ ಬರೆಸುತ್ತೇನೆ. ಆನೆ ಕಂಡರೆ ಅರಣ್ಯ ಸಹಾಯವಾಣಿ 1926. ಕಬ್ಬು ಎತ್ತರಕ್ಕೆ ಬೆಳೆಯುವ ಮೊದಲೇ ಈ ಕೆಲಸ ಮುಗಿಯಬೇಕು. ಆಮೇಲೆ ಗದ್ದೆಯೊಳಗೆ ಲೈನ್‌ಮನ್‌ ಇಳಿಯುವುದೂ ಕಷ್ಟ.