ಮೂತ್ರದ ಆರ್ಸೆನಿಕ್ ಪರೀಕ್ಷೆಗೆ ಮುಂಚೆ ಮೀನೂಟ ಬಿಡಿ

ರಾಯಚೂರು, ಯಾದಗಿರಿ ಕಡೆ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಆರ್ಸೆನಿಕ್ ಇದೆ. ಹಾಗಾಗಿ ಮೂತ್ರ ಪರೀಕ್ಷೆ ಮಾಡಿಸುವವರು ಒಂದು ಮಾತು ಗಮನದಲ್ಲಿಡಿ: ಹಿಂದಿನ ದಿನ ಸಿಗಡಿ ಗಸಿ ಉಂಡಿದ್ದರೆ, ಬಾವಿಯ ನೀರು ಶುದ್ಧವಾಗಿದ್ದರೂ ವರದಿಯಲ್ಲಿ ಅಂಕಿ ಏರಿರುತ್ತದೆ.

ಕಡಲ ಮೀನಿನ ಮಾಂಸಖಂಡದಲ್ಲಿರುವ ಆರ್ಸೆನಿಕ್‌ನ ಬಹುಪಾಲು ಆರ್ಸೆನೊಬೀಟೈನ್ ರೂಪದಲ್ಲಿರುತ್ತದೆ. ಇದು ವಿಷವಲ್ಲ, ದೇಹ ಇದನ್ನು ಬದಲಿಸದೆ ಹಾಗೇ ಮೂತ್ರದಲ್ಲಿ ಹೊರಹಾಕುತ್ತದೆ. ಕೊಳವೆಬಾವಿ ನೀರಿನದು ಅಜೈವಿಕ ಆರ್ಸೆನಿಕ್, ನಿಜವಾದ ವಿಷ. ಅದಕ್ಕೇ ಕುಡಿಯುವ ನೀರಿನ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ. ‘ಒಟ್ಟು ಆರ್ಸೆನಿಕ್’ ಪರೀಕ್ಷೆ ಇವೆರಡನ್ನೂ ಒಂದೇ ಲೆಕ್ಕಕ್ಕೆ ಹಾಕುತ್ತದೆ.

ಮಾದರಿ ಕೊಡುವ 5 ದಿನ ಮೊದಲೇ ಮೀನು, ಏಡಿ, ಸಿಗಡಿ, ಒಣಮೀನು ನಿಲ್ಲಿಸಿ. ಸಾಮಾನ್ಯವಾಗಿ ತಳದಲ್ಲಿ ಮೇಯುವ ಏಡಿ, ಸಿಗಡಿಗಳಲ್ಲಿ ಬೂತಾಯಿ, ಬಂಗುಡೆಗಿಂತ ಹೆಚ್ಚಿರುತ್ತದೆ. ಸಾರು ಮಾತ್ರ ಸವಿದರೂ ಲೆಕ್ಕವೇ, ಏಕೆಂದರೆ ಆರ್ಸೆನೊಬೀಟೈನ್ ನೀರಿಗೆ ಇಳಿಯುತ್ತದೆ.

ಅಂಕಿ ಹೆಚ್ಚು ಬಂದರೆ ಗಾಬರಿಯಾಗಿ ಔಷಧಿಗೆ ಓಡಬೇಡಿ, ಆರ್ಸೆನಿಕ್ ರೂಪಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ ಕೇಳಿ. ಇಲ್ಲೂ ಒಂದು ಎಡವಟ್ಟಿದೆ: ಮರುವಾಯಿ, ಕಡಲಕಳೆಯಲ್ಲಿರುವ ಆರ್ಸೆನೊಸಕ್ಕರೆಗಳು (ಸಕ್ಕರೆಯೊಂದಿಗೆ ಸೇರಿದ ಆರ್ಸೆನಿಕ್) ದೇಹದಲ್ಲಿ ಡಿಎಂಎ ಎಂಬ ಇನ್ನೊಂದು ಆರ್ಸೆನಿಕ್ ರೂಪವಾಗುತ್ತವೆ. ಅಜೈವಿಕ ಆರ್ಸೆನಿಕ್ ಒಳಹೊಕ್ಕಾಗಲೂ ಡಿಎಂಎ ಬರುತ್ತದೆ, ಹಾಗಾಗಿ ಅದು ಊಟದ್ದೋ ನೀರಿನದೋ ಎಂದು ಡಿಎಂಎ ಅಂಕಿಯೊಂದರಿಂದಲೇ ತಿಳಿಯದು. ಆದ್ದರಿಂದ ಏನು ತಿಂದಿರಿ, ಯಾವಾಗ ತಿಂದಿರಿ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಕಡಲಕಳೆಯ ಮಾತ್ರೆ ನುಂಗುತ್ತಿದ್ದರೆ ಅದನ್ನೂ.