ಒಂದು ಕುರ್ಚಿಯಿಂದ ಹನ್ನೆರಡು: ಡಯೊರಾಮಾಕ್ಕೆ ಪುಟ್ಟ ಪೀಠೋಪಕರಣಗಳನ್ನು ಮಾಡುವುದು, ರೆಸಿನ್‌ನಲ್ಲಿ ಎರಕ ಹೊಯ್ಯುವುದು

ಡಯೊರಾಮಾದಲ್ಲಿ, ಅಂದರೆ ನಿಜ ದೃಶ್ಯವೊಂದರ ಪುಟ್ಟ ಮಾದರಿಯಲ್ಲಿ, ಒಂದು ಕೋಣೆಯನ್ನು ಕಟ್ಟಲು ಹೊರಟವರಿಗೆ ಬೇಗನೆ ತಿಳಿದುಬರುವ ಸಂಗತಿಯೆಂದರೆ, ಗೋಡೆ, ಕಿಟಕಿ, ನೆಲಗಳಿಗಿಂತ ಹೆಚ್ಚಿನ ಸಮಯವನ್ನು ಕುರ್ಚಿ ಮೇಜುಗಳೇ ನುಂಗಿಬಿಡುತ್ತವೆ. ಕಾಫಿ ಅಂಗಡಿಯ ದೃಶ್ಯವೊಂದಕ್ಕೆ ಹನ್ನೆರಡು ಕುರ್ಚಿಗಳು ಬೇಕೆಂದುಕೊಳ್ಳೋಣ. ಹನ್ನೆರಡನ್ನೂ ಕೈಯಿಂದಲೇ ಕಟ್ಟಿದರೆ ಐದನೆಯದರ ಹೊತ್ತಿಗೆ ಕೈ ಸೋಲುತ್ತದೆ, ಅಳತೆ ಜಾರುತ್ತದೆ, ಕೊನೆಗೆ ಒಂದು ಕುರ್ಚಿ ಇನ್ನೊಂದನ್ನು ಹೋಲುವುದಿಲ್ಲ. ಆದ್ದರಿಂದ ಒಂದನ್ನು ಮಾತ್ರ ಮನಸ್ಸಿಟ್ಟು ಮಾಡಿ, ಅದನ್ನೇ ಮಾಸ್ಟರ್ ಆಗಿ ಇಟ್ಟುಕೊಂಡು, ಸಿಲಿಕೋನ್ ಅಚ್ಚು ತೆಗೆದು, ಉಳಿದವನ್ನು ದ್ರವವಾಗಿ ಹೊಯ್ದು ಗಟ್ಟಿಯಾಗುವ ಪ್ಲಾಸ್ಟಿಕ್ಕಾದ ರೆಸಿನ್‌ನಲ್ಲಿ ಎರಕ ಹೊಯ್ಯುವುದು ಲೇಸು. ಆದರೆ ಅಚ್ಚಿನ ಯೋಚನೆ ಮಾಸ್ಟರ್ ಮುಗಿದ ಮೇಲೆ ಬರತಕ್ಕದ್ದಲ್ಲ. ರೆಸಿನ್ ಎಲ್ಲಿಂದ ಒಳಗೆ ಹೋಗಬೇಕು, ಗಾಳಿ ಎಲ್ಲಿಂದ ಹೊರಗೆ ಬರಬೇಕು ಎಂಬುದನ್ನು ಮೊದಲ ಹಾಳೆಯನ್ನು ಕತ್ತರಿಸುವ ಮೊದಲೇ ನಿಶ್ಚಯಿಸಿಕೊಂಡಿರಬೇಕು.

ಅಳತೆ

ಮನೆಯಲ್ಲಿರುವ ನಿಜವಾದ ಕುರ್ಚಿಯನ್ನೇ ಟೇಪು ಹಿಡಿದು ಅಳೆಯಿರಿ. ಸಾಮಾನ್ಯ ಕುರ್ಚಿಯ ಆಸನ ನೆಲದಿಂದ ಸುಮಾರು 450 ಮಿ.ಮೀ. ಎತ್ತರದಲ್ಲಿಯೂ ಊಟದ ಮೇಜಿನ ಮೇಲ್ಮೈ ಸುಮಾರು 750 ಮಿ.ಮೀ. ಎತ್ತರದಲ್ಲಿಯೂ ಇರುತ್ತವೆ. 1/35 ಸ್ಕೇಲಿನಲ್ಲಿ (ನಿಜದ 35ರಲ್ಲಿ ಒಂದು ಭಾಗ) ಇವು ಕ್ರಮವಾಗಿ 12.9 ಮತ್ತು 21.4 ಮಿ.ಮೀ. ಆಗುತ್ತವೆ, 1/48ರಲ್ಲಿ 9.4 ಮತ್ತು 15.6, 1/24ರಲ್ಲಿ 18.8 ಮತ್ತು 31.3. ಎತ್ತರಗಳನ್ನು ಎಲ್ಲರೂ ಸರಿಯಾಗಿಯೇ ಇಡುತ್ತಾರೆ, ಎಡವುವುದು ದಪ್ಪದಲ್ಲಿ. 40 ಮಿ.ಮೀ. ದಪ್ಪದ ಕಾಲು 1/35ರಲ್ಲಿ 1.1 ಮಿ.ಮೀ. ಮಾತ್ರ, 25 ಮಿ.ಮೀ. ಹಲಗೆ 0.7 ಮಿ.ಮೀ. ಮಾತ್ರ. ಗಟ್ಟಿಯಾಗಿರಲಿ ಎಂದು 2 ಮಿ.ಮೀ. ಪಟ್ಟಿಯನ್ನು ಕಾಲಿಗೆ ಬಳಸಿದರೆ ಆ ಕುರ್ಚಿ ಆಟಿಕೆಯಂತೆ ಕಾಣುತ್ತದೆ, ಆಮೇಲೆ ಎಷ್ಟು ಬಣ್ಣ ಬಳಿದರೂ ಆ ದೋಷ ಮರೆಯಾಗುವುದಿಲ್ಲ.

ಇನ್ನೆರಡು ಸೂಕ್ಷ್ಮಗಳಿವೆ. ಅನೇಕ ಕುರ್ಚಿಗಳ ಆಸನ ಮುಂದೆ ಅಗಲವಾಗಿಯೂ ಹಿಂದೆ ಕಿರಿದಾಗಿಯೂ ಇರುತ್ತದೆ, ಮತ್ತು ಬೆನ್ನೊರಗು ನೆಟ್ಟಗಿರದೆ ತುಸು ಹಿಂದಕ್ಕೆ ವಾಲಿರುತ್ತದೆ. ಈ ಎರಡನ್ನು ಗಮನಿಸಿ ಮಾಡಿದ ಕುರ್ಚಿಯಲ್ಲಿ ಮನುಷ್ಯ ಕೂರಬಹುದು ಎನ್ನಿಸುತ್ತದೆ.

ಮಾಸ್ಟರ್ ಕಟ್ಟುವುದು

ಮಾಸ್ಟರ್‌ಗೆ ಸ್ಟೈರೀನ್ ಪ್ಲಾಸ್ಟಿಕ್ ನನ್ನ ಮೊದಲ ಆಯ್ಕೆ. 0.25, 0.5, 0.75, 1 ಮಿ.ಮೀ. ದಪ್ಪದ ಹಾಳೆಗಳೂ ತೆಳು ಪಟ್ಟಿಗಳೂ ಇದ್ದರೆ ಬಹುಪಾಲು ಕೆಲಸ ಆಗುತ್ತದೆ. ಮರ ಬಳಸಬಾರದೆಂದಲ್ಲ, ಆದರೆ ಮರದ ರಂಧ್ರಗಳೊಳಗೆ ಸಿಲಿಕೋನ್ ಇಳಿದು ಕಚ್ಚಿಕೊಳ್ಳುವುದರಿಂದ ಅದಕ್ಕೆ ಮೊದಲು ಎರಡು ಮೂರು ಸಲ ವಾರ್ನಿಷ್ ಕೊಡಬೇಕಾಗುತ್ತದೆ. ಜೊತೆಗೆ ನಿಜವಾದ ಮರದ ಎಳೆ ಈ ಸ್ಕೇಲಿಗೆ ತೀರಾ ದೊಡ್ಡದು. ಸ್ಟೈರೀನ್ ಮೇಲೆ ತೆಳುಹಲ್ಲಿನ ಗರಗಸದ ಅಲಗನ್ನು ಹಲಗೆಯ ಉದ್ದಕ್ಕೆ ಹಗುರವಾಗಿ ಎಳೆದು, ಎದ್ದ ಸಿಬಿರುಗಳನ್ನು ನಯವಾದ ಎಮರಿ ಕಾಗದದಿಂದ ಒಮ್ಮೆ ಸವರಿದರೆ ಬೇಕಾದಷ್ಟೇ ಎಳೆ ಮೂಡುತ್ತದೆ.

ಕುರ್ಚಿಯನ್ನು ಒಮ್ಮೆಗೇ ನಾಲ್ಕು ಕಾಲಿನ ಮೇಲೆ ನಿಲ್ಲಿಸಲು ಹೋಗಬೇಡಿ. ಹಿಂಗಾಲು ಎರಡು ಮತ್ತು ಬೆನ್ನೊರಗು ಸೇರಿ ಒಂದು ಚೌಕಟ್ಟು, ಮುಂಗಾಲು ಎರಡು ಮತ್ತು ಅಡ್ಡಪಟ್ಟಿ ಸೇರಿ ಇನ್ನೊಂದು, ಆಮೇಲೆ ಆಸನ, ಕೊನೆಗೆ ಪಕ್ಕದ ಅಡ್ಡಪಟ್ಟಿಗಳು. ಗ್ರಾಫ್ ಕಾಗದದ ಮೇಲೆ ಚೌಕಟ್ಟಿನ ಚಿತ್ರವನ್ನು ಮಾದರಿಯ ಅಳತೆಯಲ್ಲೇ ಬರೆದು, ಅದರ ಮೇಲೆ ಪಾರದರ್ಶಕ ಟೇಪು ಅಂಟಿಸಿ, ಪಟ್ಟಿಗಳನ್ನು ಗೆರೆಯ ಮೇಲಿಟ್ಟು ಜೋಡಿಸಿದರೆ ಮೂಲೆಗಳು ತಾವಾಗಿ ಸರಿಯಾಗುತ್ತವೆ. ತೆಳುವಾದ ದ್ರವ ಸಿಮೆಂಟನ್ನು (ಪ್ಲಾಸ್ಟಿಕ್ ಬೆಸೆಯುವ ಅಂಟು) ಸಣ್ಣ ಕುಂಚದ ತುದಿಯಲ್ಲಿ ತೆಗೆದುಕೊಂಡು ಸಂದಿಗೆ ಮುಟ್ಟಿಸಿದರೆ ಸಾಕು, ಅದು ಸಂದಿಯ ಉದ್ದಕ್ಕೂ ಸರ್ರನೆ ಹರಿದು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ. ಹನಿ ದೊಡ್ಡದಾದರೆ 1 ಮಿ.ಮೀ. ಕಾಲು ಮೆತ್ತಗಾಗಿ ಬಾಗುತ್ತದೆ. ಜೋಡಿಸಿದ ಮೇಲೆ ಒಂದು ರಾತ್ರಿ ಬಿಟ್ಟುಬಿಡಿ.

ಬಾಗಿದ ಮರದ ಕುರ್ಚಿಗಳಲ್ಲಿ ಕಲಿಯುವುದಕ್ಕೆ ಬಹಳವಿದೆ. ಪೀಠೋಪಕರಣ ತಯಾರಕ ಮಿಖಾಯೆಲ್ ಥೋನೆಟ್ 1859ರಲ್ಲಿ ಹೊರತಂದ 14ನೇ ಸಂಖ್ಯೆಯ ಕುರ್ಚಿ ಆರು ಮರದ ಭಾಗ, ಹತ್ತು ಸ್ಕ್ರೂ, ಎರಡು ನಟ್‌ಗಳಿಂದ ಆದದ್ದು. ಭಾಗಗಳನ್ನು ಬಿಡಿಬಿಡಿಯಾಗಿ ಪೆಟ್ಟಿಗೆಯಲ್ಲಿ ತುಂಬಿ ದೂರದ ಊರುಗಳಿಗೆ ಕಳುಹಿಸುತ್ತಿದ್ದರು. ಯುರೋಪಿನ ಹಳೆಯ ಕೆಫೆಯ ದೃಶ್ಯಕ್ಕೆ ಇದಿಲ್ಲದೆ ಕಳೆ ಬರುವುದಿಲ್ಲ. ಇದರ ಹಿಂಬದಿಯ ಉದ್ದನೆಯ ಕಮಾನಿಗೆ 1 ಮಿ.ಮೀ. ತಾಮ್ರದ ತಂತಿಯನ್ನು ಮರದ ತುಂಡಿನಲ್ಲಿ ನೆಟ್ಟ ಮೊಳೆಗಳ ಸುತ್ತ ಬಾಗಿಸಿಕೊಳ್ಳಬೇಕು. ಇಷ್ಟು ತೆಳುವಾದ ಕಮಾನನ್ನು ರೆಸಿನ್‌ನಲ್ಲಿ ಎರಕ ಹೊಯ್ಯುವುದಕ್ಕಿಂತ, ಆಸನ ಮತ್ತು ಮುಂಗಾಲುಗಳನ್ನು ಮಾತ್ರ ಎರಕ ಹೊಯ್ದು ಪ್ರತಿ ಕುರ್ಚಿಗೂ ತಂತಿಯ ಕಮಾನನ್ನೇ ಜೋಡಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಎಲ್ಲವನ್ನೂ ರೆಸಿನ್‌ನಲ್ಲೇ ಮಾಡಬೇಕೆಂಬ ಹಟ ಬೇಡ.

ಮಾಸ್ಟರ್ ಮುಗಿದ ಮೇಲೆ ಬೂದು ಪ್ರೈಮರ್ ಒಂದು ಕೋಟು ಹೊಡೆದು ಪಕ್ಕದಿಂದ ಬೀಳುವ ಬೆಳಕಿನಲ್ಲಿ ತಿರುಗಿಸಿ ನೋಡಿ. ಸಿಲಿಕೋನ್ ಬೆರಳಿನ ಗುರುತನ್ನೂ ಬಿಡದೆ ನಕಲು ಮಾಡುತ್ತದೆ, ಆದ್ದರಿಂದ ಇಲ್ಲಿ ಉಳಿದ ಒಂದು ಗೀರು ಹನ್ನೆರಡು ಕುರ್ಚಿಗಳಲ್ಲಿ ಹನ್ನೆರಡು ಗೀರಾಗುತ್ತದೆ.

ಅಚ್ಚು

ಅಚ್ಚಿಗೆ ಬಳಸುವ ಸಿಲಿಕೋನ್ ರಬ್ಬರ್‌ನಲ್ಲಿ ಎರಡು ಜಾತಿ. ತವರದ ಸಂಯುಕ್ತದಿಂದ ಗಟ್ಟಿಯಾಗುವುದು ಸಹಿಷ್ಣು ಸ್ವಭಾವದ್ದು, ಏನನ್ನು ಮುಟ್ಟಿಸಿದರೂ ಸಾಮಾನ್ಯವಾಗಿ ಗಟ್ಟಿಯಾಗುತ್ತದೆ. ಆದರೆ ತುಸು ಕುಗ್ಗುತ್ತದೆ, ವರ್ಷಗಳು ಕಳೆದಂತೆ ಪೆಡಸಾಗುತ್ತದೆ. ಪ್ಲಾಟಿನಂನಿಂದ ಗಟ್ಟಿಯಾಗುವುದು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಬಹುಕಾಲ ಬಾಳುತ್ತದೆ. ಆದರೆ ಗಂಧಕ, ತವರದ ಸಂಯುಕ್ತಗಳು, ಲ್ಯಾಟೆಕ್ಸ್ ಕೈಗವಸು, ಸರಿಯಾಗಿ ಒಣಗದ 3ಡಿ ಪ್ರಿಂಟ್ ಇವುಗಳಲ್ಲಿ ಯಾವುದು ತಾಗಿದರೂ ಮೇಲ್ಮೈ ಅಂಟಂಟಾಗಿಯೇ ಉಳಿದುಬಿಡುತ್ತದೆ. ನನ್ನ ಮೊದಲ ಪ್ಲಾಟಿನಂ ಅಚ್ಚಿನಲ್ಲಿ ಮಾಸ್ಟರನ್ನು ನಿಲ್ಲಿಸಲು ಗಂಧಕವಿರುವ ಎಣ್ಣೆ ಜೇಡಿಯನ್ನು ಬಳಸಿದ್ದೆ. ಮರುದಿನ ಪೆಟ್ಟಿಗೆ ಬಿಚ್ಚಿದಾಗ ಜೇಡಿ ತಾಗಿದ ಕಡೆಯೆಲ್ಲ ಸಿಲಿಕೋನ್ ಅಂಟಿನಂತೆ ಜೋತುಬಿತ್ತು, ಅದನ್ನು ಕೆರೆದು ತೆಗೆಯುವಾಗ ಮೂರು ದಿನ ಕೂತು ಮಾಡಿದ ಕುರ್ಚಿಯ ಬೆನ್ನೊರಗು ಮುರಿಯಿತು. ಗಂಧಕರಹಿತ ಎಂದು ಬರೆದಿರುವ ಜೇಡಿಯನ್ನೇ ಕೊಳ್ಳಿ. ಅನುಮಾನವಿದ್ದರೆ ಒಂದು ಚಮಚದಷ್ಟು ಸಿಲಿಕೋನ್ ಕಲಸಿ ಅದರ ಮೇಲೆ ಹಾಕಿ ಪರೀಕ್ಷಿಸಿ.

ಮೇಜಿನ ಹಲಗೆ, ಡ್ರಾಯರಿನ ಮುಖ, ಕಪಾಟಿನ ಬಾಗಿಲು ಮೊದಲಾದ ಚಪ್ಪಟೆ ಭಾಗಗಳಿಗೆ ಮೇಲೆ ತೆರೆದ ಒಂದೇ ತುಂಡಿನ ಅಚ್ಚು ಸಾಕು. ಭಾಗವನ್ನು ಗಾಜಿನ ಮೇಲೆ ಬೆನ್ನು ಕೆಳಗಾಗಿ ಅಂಟಿಸಿ, ಸುತ್ತ ಗೋಡೆ ಕಟ್ಟಿ ಸಿಲಿಕೋನ್ ಹೊಯ್ದರಾಯಿತು. ಎರಕ ಹೊಯ್ಯುವಾಗ ರೆಸಿನ್ ತುಂಬಿದ ಮೇಲೆ ಪಾಲಿಥೀನ್ ಹಾಳೆಯನ್ನು ಒಂದು ಅಂಚಿನಿಂದ ನಿಧಾನವಾಗಿ ಇಳಿಸಿ ಮೇಲೊಂದು ಚಪ್ಪಟೆ ತೂಕವಿಟ್ಟರೆ ಹಿಂಬದಿಯೂ ಸಮತಟ್ಟಾಗಿ ಬರುತ್ತದೆ.

ಇಡೀ ಕುರ್ಚಿಗಾದರೆ ಮಾಸ್ಟರಿನ ನಾಲ್ಕೂ ಪಾದಗಳನ್ನು ಸ್ಟೈರೀನಿನ ಒಂದು ಗುಂಡು ಬಿಲ್ಲೆಗೆ ಅಂಟಿಸಿ, ಬಿಲ್ಲೆಯನ್ನು ಪೆಟ್ಟಿಗೆಯ ತಳಕ್ಕೆ ಕೂರಿಸಿ, ಸುತ್ತ ಸಿಲಿಕೋನ್ ತುಂಬಬೇಕು. ಗಟ್ಟಿಯಾದ ಮೇಲೆ ಅಚ್ಚನ್ನು ತಲೆಕೆಳಗು ಮಾಡಿದರೆ ಬಿಲ್ಲೆಯ ಜಾಗ ಮೇಲೆ ಬಂದು ರೆಸಿನ್ ಹೊಯ್ಯುವ ಬಟ್ಟಲಾಗುತ್ತದೆ, ಬೆನ್ನೊರಗು ಎಲ್ಲಕ್ಕಿಂತ ಕೆಳಗಿದ್ದು ಮೊದಲು ತುಂಬುತ್ತದೆ. ರೆಸಿನ್ ಒಂದೆರಡು ಕಾಲುಗಳ ಮೂಲಕ ಇಳಿಯುತ್ತಿದ್ದಂತೆ ಗಾಳಿ ಉಳಿದ ಕಾಲುಗಳ ಮೂಲಕ ಮೇಲೇರುತ್ತದೆ. ಸಿಕ್ಕಿಕೊಂಡ ಗುಳ್ಳೆಯೇನಾದರೂ ಇದ್ದರೆ ಅದು ನಿಲ್ಲುವುದು ಆಸನದ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ. ಮೊದಲೇ ಯೋಚಿಸಿರಬೇಕು ಎಂದದ್ದು ಇದಕ್ಕೇ: ಬೆನ್ನೊರಗಿನ ತುದಿಯಲ್ಲಿ ಹೊರಚಾಚಿದ ಅಲಂಕಾರಗಳಿದ್ದರೆ ಈ ಕ್ರಮ ನಡೆಯುವುದಿಲ್ಲ, ಅವುಗಳನ್ನು ಬೇರೆಯಾಗಿಯೇ ಎರಕ ಹೊಯ್ಯಬೇಕಾಗುತ್ತದೆ.

ಪೆಟ್ಟಿಗೆಯ ಗೋಡೆಗೂ ಮಾಸ್ಟರಿಗೂ ನಡುವೆ 8ರಿಂದ 10 ಮಿ.ಮೀ. ಅಂತರವಿರಲಿ. ಒಳಅಳತೆ 45×40×40 ಮಿ.ಮೀ. ಆದರೆ 72 ಘನ ಸೆಂ.ಮೀ.; ಸಿಲಿಕೋನ್ ನೀರಿಗಿಂತ ತುಸು ಭಾರವಾದ್ದರಿಂದ 80 ಗ್ರಾಂ ಕಲಸಿಕೊಂಡರೆ ಸರಿಹೋಗುತ್ತದೆ. ಡಬ್ಬಿಯ ಮೇಲೆ ಹೇಳಿದ ಪ್ರಮಾಣವನ್ನು ಅಂದಾಜಿನಿಂದಲ್ಲ, ತಕ್ಕಡಿಯಿಂದ ತೂಗಬೇಕು. ಮೊದಲು ಮಾಸ್ಟರಿನ ಮೇಲೆಲ್ಲ ಕುಂಚದಿಂದ ಒಂದು ತೆಳು ಪದರ ಸವರಿ, ಸಂದಿಗೊಂದಿಗಳಿಂದ ಗಾಳಿಯನ್ನು ಓಡಿಸಿ. ಬಳಿಕ ಪೆಟ್ಟಿಗೆಯ ಒಂದೇ ಮೂಲೆಗೆ, ಒಂದಡಿ ಎತ್ತರದಿಂದ, ನೂಲಿನಂಥ ಧಾರೆಯಾಗಿ ಹೊಯ್ಯಿರಿ. ಧಾರೆ ತೆಳುವಾಗಿ ಹಿಗ್ಗುವಾಗ ಗುಳ್ಳೆಗಳು ಒಡೆಯುತ್ತವೆ, ಮಟ್ಟ ತಾನಾಗಿ ಮೇಲೇರುತ್ತ ಕುರ್ಚಿಯನ್ನು ಮುಳುಗಿಸುತ್ತದೆ.

ಗಟ್ಟಿಯಾದ ಅಚ್ಚನ್ನು ಹರಿತವಾದ ಹೊಸ ಬ್ಲೇಡಿನಿಂದ ಬಿಡಿಸಬೇಕು. ಹೊರಭಾಗದಲ್ಲಿ ಅಲೆಯಲೆಯಾಗಿ ಕೊಯ್ದರೆ ಎರಡು ಹೋಳುಗಳು ಮತ್ತೆ ಅದೇ ಜಾಗಕ್ಕೆ ಕಚ್ಚಿ ಕೂರುತ್ತವೆ. ಒಳಗೆ ಹೋದಂತೆ ಕೊಯ್ತವನ್ನು ಕಾಲಿನ ಅಂಚಿನ ಗುಂಟವೇ ನಡೆಸಿ. ಪಾರದರ್ಶಕ ಸಿಲಿಕೋನ್ ಆದರೆ ಬ್ಲೇಡಿನ ತುದಿ ಎಲ್ಲಿದೆಯೆಂದು ಕಾಣುತ್ತದೆ. ಈ ಒಂದು ಅನುಕೂಲಕ್ಕಾಗಿಯೇ ಹೆಚ್ಚು ಬೆಲೆ ಕೊಡಬಹುದು.

ಎರಕ

ಪಾಲಿಯುರೆಥೇನ್ ರೆಸಿನ್ ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ಎರಡು ದ್ರವಗಳನ್ನು ಬೆರೆಸಿದ ಮೇಲೆ ಹಲವು ರೆಸಿನ್‌ಗಳು ಎರಡು ಮೂರು ನಿಮಿಷಗಳಲ್ಲೇ ಗಟ್ಟಿಯಾಗತೊಡಗುತ್ತವೆ, ಆದ್ದರಿಂದ ಬೆರೆಸುವ ಮೊದಲೇ ಅಚ್ಚು, ರಬ್ಬರ್ ಬ್ಯಾಂಡು, ಕಡ್ಡಿ ಎಲ್ಲವೂ ಕೈಗೆಟಕುವಂತಿರಲಿ. ಇದರ ಒಂದು ಭಾಗದಲ್ಲಿ ಐಸೊಸಯನೇಟ್ ಇದೆ. ಅದರ ಆವಿಗೆ ಒಮ್ಮೆ ದೇಹ ಅಲರ್ಜಿ ಬೆಳೆಸಿಕೊಂಡರೆ ಮುಂದೆ ಅತ್ಯಲ್ಪ ಪ್ರಮಾಣವೂ ಉಬ್ಬಸ ತರಬಲ್ಲದು. ಕಿಟಕಿ ತೆರೆದ ಕೋಣೆ, ರಾಸಾಯನಿಕ ಆವಿಗಳನ್ನು ತಡೆಯುವ ಕಾರ್ಟ್ರಿಜ್ ಇರುವ ಮುಖಗವಸು, ನೈಟ್ರೈಲ್ ಕೈಗವಸು ಇವು ಮೂರೂ ಇಲ್ಲದೆ ಬಾಟಲಿಯನ್ನು ತೆರೆಯಬೇಡಿ.

ಅದೇ ಐಸೊಸಯನೇಟ್ ನೀರಿನೊಂದಿಗೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗಿ ಎರಕ ನೊರೆನೊರೆಯಾಗುತ್ತದೆ. ಆದ್ದರಿಂದ ಮರದ ಕಡ್ಡಿ, ಕಾಗದದ ಲೋಟ, ತೇವದ ಅಚ್ಚು ಇವೆಲ್ಲ ವರ್ಜ್ಯ. ಪ್ಲಾಸ್ಟಿಕ್ ಲೋಟವನ್ನೇ ಬಳಸಿ, ಬಾಟಲಿಯ ಮುಚ್ಚಳವನ್ನು ಕೂಡಲೇ ಹಾಕಿ. ಅಚ್ಚಿನ ಒಳಗೆ ಟಾಲ್ಕಂ ಪೌಡರ್ ಉದುರಿಸಿ ಚೆನ್ನಾಗಿ ಕೊಡವಿದರೆ, ಉಳಿದ ತೆಳುಪುಡಿ ರೆಸಿನ್ನನ್ನು ಸಂದಿಗಳಿಗೆ ಎಳೆದೊಯ್ಯುತ್ತದೆ. ಹೋಳುಗಳನ್ನು ಕೂಡಿಸಿ ರಬ್ಬರ್ ಬ್ಯಾಂಡ್ ಹಾಕುವಾಗ ಬಿಗಿ ಹೆಚ್ಚಾದರೆ ಕಾಲುಗಳು ಚಪ್ಪಟೆಯಾಗುತ್ತವೆ. ಅಚ್ಚನ್ನು ತುಸು ಓರೆಯಾಗಿ ಹಿಡಿದು ಒಂದೇ ಕಡೆಯಿಂದ ಹೊಯ್ದು, ತುಂಬಿದ ಮೇಲೆ ಹಿಸುಕಿ ಬಿಡಿ, ಬೆರಳಿನಿಂದ ತಟ್ಟಿ. ಬಟ್ಟಲಿನಲ್ಲಿ ಗುಳ್ಳೆಗಳು ಏಳುವುದು ನಿಂತಾಗ ಸಾಕು.

ಒತ್ತಡದ ಪಾತ್ರೆ (ಗಾಳಿಯನ್ನು ಒತ್ತಿ ತುಂಬಿ ಗುಳ್ಳೆಗಳನ್ನು ಕುಗ್ಗಿಸುವ ಪಾತ್ರೆ) ಇರುವವರು ಅದರಲ್ಲಿ ಎರಕ ಹೊಯ್ಯಬಹುದು, ಆದರೆ ಸಿಲಿಕೋನ್ ಅಚ್ಚನ್ನೂ ಅದೇ ಒತ್ತಡದಲ್ಲಿ ಗಟ್ಟಿ ಮಾಡಿರಬೇಕು. ಇಲ್ಲವಾದರೆ ಅಚ್ಚಿನೊಳಗಿನ ಗುಳ್ಳೆಗಳು ಒತ್ತಡಕ್ಕೆ ಕುಸಿದು ಕುರ್ಚಿಯ ಮೇಲೆಲ್ಲ ಸಣ್ಣ ಗಂಟುಗಳೇಳುತ್ತವೆ.

ರೆಸಿನ್ ತನ್ನದೇ ಬಿಸಿಯಲ್ಲಿ ಗಟ್ಟಿಯಾಗುವ ವಸ್ತು. ಬಟ್ಟಲಿನಲ್ಲಿ ಉಳಿದ ದಪ್ಪ ಭಾಗ ಕಲ್ಲಾಗಿದ್ದರೂ 1 ಮಿ.ಮೀ. ಕಾಲಿನಲ್ಲಿ ಅಷ್ಟು ಬಿಸಿ ಹುಟ್ಟದೆ ಅದು ಇನ್ನೂ ರಬ್ಬರಿನಂತಿರುತ್ತದೆ. ಡಬ್ಬಿಯ ಮೇಲೆ ಹೇಳಿದ್ದಕ್ಕಿಂತ ಎರಡು ಪಟ್ಟು ಹೊತ್ತು ಕಾದು ಬಿಡಿಸಿ. ಆದರೂ ಕಾಲು ಸೊಟ್ಟಗಾದರೆ ಬಿಸಿನೀರಿನಲ್ಲಿ ಅರ್ಧ ನಿಮಿಷ ಅದ್ದಿ, ನೇರ ಮಾಡಿ, ತಣ್ಣೀರಿಗೆ ಹಾಕಿ, ನೇರವಾಗಿಯೇ ನಿಲ್ಲುತ್ತದೆ.

ಬಿಡಿಸಿದ ಕುರ್ಚಿಯನ್ನು ಪಾತ್ರೆ ತೊಳೆಯುವ ಸೋಪಿನಿಂದ ತೊಳೆದು, ಬಿಲ್ಲೆಯಿಂದ ಪಾದಗಳನ್ನು ಗರಗಸದಿಂದ ಕೊಯ್ದು ಬಿಡಿಸಿ. ಗಾಜಿನ ಮೇಲೆ ನೀರು ಹಾಕಿದ ಎಮರಿ ಕಾಗದವಿಟ್ಟು ಕುರ್ಚಿಯನ್ನು ಅದರ ಮೇಲೆ ನಿಲ್ಲಿಸಿ ಮೆಲ್ಲಗೆ ಸುತ್ತಾಡಿಸಿದರೆ ನಾಲ್ಕು ಕಾಲುಗಳೂ ಒಂದೇ ಮಟ್ಟಕ್ಕೆ ಬರುತ್ತವೆ. ರೆಸಿನ್ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲವಾದ್ದರಿಂದ ಒಣದಾಗಿ ಉಜ್ಜಬೇಡಿ.

ಬಣ್ಣದ ಕೆಲಸ ಸರಳ. ಪ್ರೈಮರ್ ಮೇಲೆ ತಿಳಿ ಕಂದು ಅಕ್ರಿಲಿಕ್ ಬಳಿದು, ಅದು ಒಣಗಿದ ಬಳಿಕ ಗಾಢ ಕಂದು ಎಣ್ಣೆ ಬಣ್ಣವನ್ನು ತೆಳುವಾಗಿ ಹಚ್ಚಿ, ಒಣ ಕುಂಚದಿಂದ ಮರದ ಎಳೆಯ ದಿಕ್ಕಿನಲ್ಲಿ ಒರೆಸಿ ತೆಗೆದರೆ ಗೀರುಗಳಲ್ಲಿ ಮಾತ್ರ ಬಣ್ಣ ಉಳಿಯುತ್ತದೆ. ಕೂರುವವರ ಪಾದಗಳು ತಾಗುವ ಮುಂದಿನ ಅಡ್ಡಪಟ್ಟಿಯ ನಡುಭಾಗವನ್ನೂ, ಎಳೆಯಲು ಕೈ ಹಿಡಿಯುವ ಬೆನ್ನೊರಗಿನ ಮೇಲಂಚನ್ನೂ ತುಸು ತಿಳಿಯಾಗಿ ಬಿಡಿ, ಏಕೆಂದರೆ ನಿಜವಾದ ಕುರ್ಚಿ ಮೊದಲು ಸವೆಯುವುದು ಅಲ್ಲಿಯೇ.

ಇತರರು ಮಾರುವ ಕಿಟ್‌ಗಳ ಭಾಗಗಳಿಂದ ಅಚ್ಚು ತೆಗೆದು ಹಂಚುವುದು ಅವರ ದುಡಿಮೆಯನ್ನು ಕದ್ದಂತೆ; ಮಾಸ್ಟರ್ ನಿಮ್ಮದೇ ಆಗಿರಲಿ. ಕೆಲಸ ಮುಗಿದ ಮೇಲೆ ಕೊನೆಯ ಎರಕವನ್ನು ಬಿಡಿಸದೆ ಅಚ್ಚಿನೊಳಗೇ ಬಿಟ್ಟು, ಹೊರಗೆ ಸ್ಕೇಲ್ ಮತ್ತು ತಾರೀಖು ಬರೆದು, ಬಿಸಿಲು ಬೀಳದ ಕಡೆ ಸಮತಟ್ಟಾಗಿ ಇಡಿ. ಖಾಲಿಯಾಗಿ ಇಟ್ಟ ಅಚ್ಚು ತಿಂಗಳುಗಳಲ್ಲಿ ತನ್ನ ಭಾರಕ್ಕೆ ತಾನೇ ವಾಲಿಬಿಡುತ್ತದೆ.