ಕಬ್ಬಿನ ಟ್ರೇಲರ್‌ನ ಹಿಂದೆ ಟ್ರ್ಯಾಕ್ಟರ್ ನಂಬರ್ ಕಾಣುವಂತೆ ಹಾಕುವುದು ಹೇಗೆ?

ಕಬ್ಬು ನುರಿಸುವ ಹಂಗಾಮಿನಲ್ಲಿ ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯ ರಸ್ತೆಗಳಲ್ಲಿ ಕತ್ತಲಾದ ಮೇಲೆ ಟ್ರ್ಯಾಕ್ಟರ್‌ಗಳ ಹಿಂದೆ ಹೋದವರಿಗೆ ಹೊರೆ ಕಾಣುತ್ತದೆಯೇ ಹೊರತು ನಂಬರ್ ಕಾಣುವುದಿಲ್ಲ. ಟ್ರೇಲರ್‌ಗೆ ತನ್ನದೇ ನೋಂದಣಿ ಇರುವುದರಿಂದ ಅದರ ನಂಬರ್ ಬರೆಸಿದರೆ ಸಾಕೆಂದು ಬಹಳ ಮಂದಿ ತಿಳಿದಿದ್ದಾರೆ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 61ನೇ ಕಲಂ ಪ್ರಕಾರ ಎಳೆಯುವ ವಾಹನದ ನಂಬರ್ ಕೂಡ ಟ್ರೇಲರ್ ಮೇಲೆ, ಎರಡು ಟ್ರೇಲರ್‌ಗಳಿದ್ದರೆ ಕೊನೆಯದರ ಮೇಲೆ, ಇರಲೇಬೇಕು.

ಮೊದಲು ಟ್ರ್ಯಾಕ್ಟರ್‌ನ ಆರ್.ಸಿ. ನೋಡಿ ನಂಬರ್ ಬರೆದುಕೊಳ್ಳಿ.

ಎರಡನೆಯದಾಗಿ ಫಲಕ ಮಾಡಿಸಿ. ಅಕ್ಷರಗಳು ಇಂಗ್ಲಿಷಿನಲ್ಲಿದ್ದು, 65 ಮಿ.ಮೀ. ಎತ್ತರ, 10 ಮಿ.ಮೀ. ದಪ್ಪ, ನಡುವೆ 10 ಮಿ.ಮೀ. ಅಂತರ ಇರಬೇಕು. ಸ್ಟಿಕ್ಕರ್ ಅಂಟಿಸಲೇಬೇಡಿ; ಕೆಸರು ಮೆತ್ತಿ, ತೊಳೆದು, ಹಂಗಾಮು ಮುಗಿಯುವುದರೊಳಗೆ ಅಂಚು ಎದ್ದು ಒಂದೆರಡು ಅಂಕಿ ಕಿತ್ತುಹೋಗುತ್ತವೆ. ದಪ್ಪ ತಗಡಿನ ಮೇಲೆ ಪೇಂಟಿನಲ್ಲಿ ಬರೆಸುವುದೇ ಸರಿ.

ಎಲ್ಲರೂ ಎಡವುವುದು ಫಲಕ ಕೂರಿಸುವ ಜಾಗದಲ್ಲಿ. ಹಿಂಬಾಗಿಲಿನ ಮೇಲೆ ನಂಬರ್ ಬರೆಸಿ, ಕಬ್ಬು ಹೇರುವಾಗ ಅದೇ ಬಾಗಿಲನ್ನು ಕಳಚಿ ಮನೆಯಲ್ಲಿಟ್ಟು ಬರುವವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಬಾಗಿಲು ಇದ್ದರೂ ಹೊರೆಯಿಂದ ಇಳಿಬಿದ್ದ ಸೋಗೆ ಅದನ್ನು ಮುಚ್ಚುತ್ತದೆ. ಕಳೆದ ಹಂಗಾಮಿನಲ್ಲಿ ಕಾರ್ಖಾನೆಯೊಂದರ ಅಂಗಳದಲ್ಲಿ ಸರದಿಗೆ ನಿಂತಿದ್ದ ಟ್ರೇಲರ್‌ನಲ್ಲಿ ಒಂದೇ ಒಂದು ಒಣ ಸೋಗೆ ಕೊನೆಯ ಎರಡು ಅಂಕಿಗಳ ಮೇಲೆ ಅಡ್ಡ ಬಿದ್ದು, 38 ಎಂಬುದು 33ರಂತೆ ಕಾಣುತ್ತಿತ್ತು. ಆದ್ದರಿಂದ ಫಲಕವನ್ನು ಬಾಗಿಲಿನ ಕೆಳಗೆ, ಚಾಸಿಯ ಹಿಂದಿನ ಅಡ್ಡಪಟ್ಟಿಗೆ ಎರಡು ಬೋಲ್ಟ್ ಹಾಕಿ ಬಿಗಿಯಿರಿ, ಹಗ್ಗ ಕಟ್ಟಿದ ಮೇಲೆ ಅದರ ಮುಂದೆ ಜೋತುಬಿದ್ದ ಸೋಗೆಯನ್ನು ಕುಡುಗೋಲಿನಿಂದ ಕೊಯ್ದು ಹಾಕಿ.

ಇನ್ನು ದೀಪ. ಹಿಂದಿನ ನಂಬರ್ ಪೂರ್ತಿಯಾಗಿ ಬಿಳಿ ಬೆಳಕಿನಲ್ಲಿ 15 ಮೀಟರ್ ದೂರದಿಂದ ಓದುವಂತಿರಬೇಕೆಂಬುದು ನಿಯಮ. ಕತ್ತಲಲ್ಲಿ ದೀಪ ಹಚ್ಚಿ, ಇಪ್ಪತ್ತು ದೊಡ್ಡ ಹೆಜ್ಜೆ ಹಿಂದೆ ನಡೆದು ನೀವೇ ಓದಿ ನೋಡಿ. ಟ್ರ್ಯಾಕ್ಟರ್‌ನಿಂದ ಈ ದೀಪಕ್ಕೆ ಬರುವ ವೈರನ್ನು ಬಿಗಿಯಾಗಿ ಎಳೆದು ಟೇಪು ಸುತ್ತಿದರೆ ಮೊದಲ ತಿರುವಿನಲ್ಲೇ ಕಿತ್ತುಬರುತ್ತದೆ. ಕೊಂಡಿಯ ಬಳಿ ಒಂದು ಗೇಣು ಸಡಿಲ ಬಿಟ್ಟು ಸಾಕೆಟ್ ಹಾಕಿಸಿ.

ಟ್ರೇಲರನ್ನು ಬೇರೆಯವರ ಟ್ರ್ಯಾಕ್ಟರ್‌ಗೆ ಕೊಡುವ ದಿನ ಈ ತಗಡನ್ನು ಬಿಚ್ಚಿ ನಿಮ್ಮ ಟೂಲ್ ಬಾಕ್ಸ್‌ನಲ್ಲಿಟ್ಟುಕೊಳ್ಳಿ.